ಗಾಜಿನ ಮನೆಗೆ ಎರಡನೆಯ ಭೇಟಿ

 

ದತ್ತಿ ಉಪನ್ಯಾಸವೆಂದರೆ ವಚನ ಸಾಹಿತ್ಯವೊ, ಶಾಸನವೊ, ನಾಡಿನ ಇತಿಹಾಸವೊ ಆಗಿರುವುದು ರೂಢಿ. ವಿಷಯವನ್ನು ನನಗೇ ಬಿಟ್ಟಿದ್ದೀರಿ. ಆ ಸಲುಗೆಯಿಂದ ಇವತ್ತು ಬೇರೊಂದು ದಾರಿ ಹಿಡಿಯುತ್ತೇನೆ. ಸುತ್ತ ಗೋಡೆ ಕಟ್ಟಿ, ಮೇಲೆ ಬೆಳಕು ಬಿಡುವ ಮಾಡು ಹೊದಿಸಿ, ಒಳಗೆ ಒಂದು ತುಂಡು ಕಾಡನ್ನು ಬೆಳೆಸಿ, ಅದರ ಅಭ್ಯಾಸವನ್ನೂ ಮಾಡುತ್ತ, ಟಿಕೆಟ್ ತೆಗೆದು ಬಂದ ಜನಕ್ಕೂ ತೋರಿಸುವ ಮನೆಗಳ ಬಗ್ಗೆ ಮಾತಾಡುವವನಿದ್ದೇನೆ. ಮೊದಲು ನಮ್ಮ ರಾಜ್ಯದ ಬನ್ನೇರುಘಟ್ಟಕ್ಕೆ ಹೋಗೋಣ. ಅಲ್ಲಿಂದ ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಗೆ. ಆಮೇಲೆ ನಿಡಸೋಸಿಯ ಈ ಸಭಾಭವನದ ಹೊರಗಿನ ಘಟಪ್ರಭಾ ನದಿಯ ಬಯಲಿಗೇ ಬರೋಣ. ಲಾಲ್‌ಬಾಗಿನ ಗಾಜಿನಮನೆಯನ್ನು ಏಕೆ ಬಿಟ್ಟೆ ಎಂದು ಯಾರಾದರೂ ಕೇಳಬಹುದು. 1889ರಲ್ಲಿ ಅಡಿಗಲ್ಲು ಹಾಕಿದ ಆ ಮನೆ ಚೆಲುವಾದದ್ದು, ಆದರೆ ಅದು ಫಲಪುಷ್ಪ ಪ್ರದರ್ಶನದ ಮಂಟಪ. ಅದರ ಬದಿಗಳು ತೆರೆದೇ ಇವೆ. ಒಳಗಿನ ಗಾಳಿ ಹೊರಗಿನ ಗಾಳಿಯೇ. ನನ್ನ ಪ್ರಶ್ನೆ ಇರುವುದು ಬಾಗಿಲು ಹಾಕಿದ ಮೇಲೆ ಏನಾಗುತ್ತದೆ ಎಂಬುದರ ಮೇಲೆ.

ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ, 2006ರಲ್ಲಿ ಚಿಟ್ಟೆ ಉದ್ಯಾನ ತೆರೆಯಿತು. ದೇಶದಲ್ಲಿ ಈ ಬಗೆಯದರಲ್ಲಿ ಅದೇ ಮೊದಲನೆಯದು. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಹಣ ಕೊಟ್ಟಿತು. ಕರ್ನಾಟಕ ಮೃಗಾಲಯ ಪ್ರಾಧಿಕಾರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಇವು ಮೂರೂ ಕೈಗೂಡಿಸಿದವು. ಒಟ್ಟು 7.5 ಎಕರೆ ಜಾಗ. ಅದರೊಳಗೆ ಸುಮಾರು 10,000 ಚದರಡಿಯ ಒಂದು ದುಂಡನೆಯ ಮನೆ, ಅದಕ್ಕೆ ಪಾಲಿಕಾರ್ಬೊನೇಟ್ ಮಾಡು. ಒಳಗೆ ಕೃತಕ ಜಲಪಾತ, ತೇವದ ಗಾಳಿ, ಹೂಗಿಡ, ಬಳ್ಳಿ. ಪಕ್ಕದ ಗುಮ್ಮಟಗಳಲ್ಲಿ ವಸ್ತುಸಂಗ್ರಹಾಲಯ.

ಮೊದಲ ಸಲ ಒಳಹೊಕ್ಕವರು ತಲೆ ಎತ್ತಿಕೊಂಡೇ ನಡೆಯುತ್ತಾರೆ. ಪಾತರಗಿತ್ತಿಗಳು ತಲೆಯ ಮೇಲೆಯೇ ಅಲ್ಲವೆ ಹಾರುವುದು! ನಾನೂ ಮೊದಲ ಸಲ ಹಾಗೇ ನೋಡಿ ಬಂದೆ. ಕೆಲವು ವರ್ಷಗಳ ಮೇಲೆ ಮತ್ತೆ ಹೋದಾಗ ಬಣ್ಣದ ಬೆರಗು ಅಷ್ಟಿರಲಿಲ್ಲ, ಕಣ್ಣು ತಾನಾಗಿ ಕೆಳಗಿಳಿಯಿತು. ಆಗ ಕಂಡದ್ದು ತೂತು ಬಿದ್ದ ಎಲೆಗಳು. ಇವತ್ತಿನ ನನ್ನ ಮಾತೆಲ್ಲ ಹುಟ್ಟಿದ್ದು ಆ ಎಲೆಗಳಿಂದ.

ಲೆಕ್ಕ ಹೀಗಿದೆ. ರೆಕ್ಕೆ ಬಂದ ಪಾತರಗಿತ್ತಿ ಬದುಕುವುದು ಬಹುಪಾಲು ಎರಡು ಮೂರು ವಾರ. ಟಿಕೆಟ್ ಕೊಟ್ಟು ಬಂದ ಮಗುವಿಗೆ ಮಾತ್ರ ಯಾವ ದಿನ ಬಂದರೂ ಮನೆ ತುಂಬ ಪಾತರಗಿತ್ತಿ ಕಾಣಬೇಕು. ಹಾಗಾದರೆ ದಿನವೂ ಹೊಸ ಕೋಶಗಳು ಒಡೆಯುತ್ತಿರಬೇಕು. ಕೋಶವಾಗಲು ಕಂಬಳಿಹುಳು ತಿನ್ನಬೇಕು. ಆ ಹುಳವೊ, ಸಿಕ್ಕಿದ್ದನ್ನು ತಿನ್ನುವುದಿಲ್ಲ. ಕಾಮನ್ ಮಾರ್ಮನ್ ಎಂಬ ಕಪ್ಪು ಪಾತರಗಿತ್ತಿಯ ಹುಳಕ್ಕೆ ಕರಿಬೇವು, ಲಿಂಬೆಯ ಜಾತಿಯ ಎಲೆಯೇ ಆಗಬೇಕು. ಪ್ಲೇನ್ ಟೈಗರ್‌ಗೆ ಎಕ್ಕೆ. ಕಾಮನ್ ಕ್ರೋಗೆ ಕಣಗಿಲ, ಇಲ್ಲವೆ ಆಲ ಅತ್ತಿಯ ಜಾತಿ. ನಿಮ್ಮ ಹೊಲದ ಬದುವಿನ ಔಡಲದ ಎಲೆಯನ್ನೇ ನಂಬಿ ಬದುಕುವ ಒಂದು ಪಾತರಗಿತ್ತಿ ಇದೆ, ಅದರ ಹೆಸರೇ ಕಾಮನ್ ಕ್ಯಾಸ್ಟರ್. ನಮ್ಮ ರಾಜ್ಯದ ಪಾತರಗಿತ್ತಿ ಎಂದು ಗೌರವ ಪಡೆದ ಸದರ್ನ್ ಬರ್ಡ್‌ವಿಂಗ್ ಕಪ್ಪು ಹಳದಿ ಬಣ್ಣದ ದೊಡ್ಡ ಜೀವಿ. ಅದರ ಹುಳಕ್ಕೆ ಈಶ್ವರಿ ಬಳ್ಳಿಯ ಜಾತಿಯೇ ಬೇಕು. ಆ ಬಳ್ಳಿಯ ವಿಷವನ್ನು ಉಂಡು, ಮೈಯಲ್ಲಿ ಇಟ್ಟುಕೊಂಡು, ಹಕ್ಕಿಗಳಿಂದ ಪಾರಾಗುತ್ತದೆ.

ಹೂವು ಸಾಕುವುದು ರೆಕ್ಕೆ ಬಂದದ್ದನ್ನು ಮಾತ್ರ. ಅದನ್ನು ಹುಟ್ಟಿಸುವುದು ಎಲೆ. ಹಾಗಾಗಿ ಜನ ನೋಡುವ ಮನೆಯ ಹಿಂದೆ ಜನ ನೋಡದ ಇನ್ನೊಂದು ಕೆಲಸ ನಡೆದಿರಬೇಕಾಗುತ್ತದೆ. ಗಿಡ ಬೆಳೆಸುವ ನರ್ಸರಿ, ಮೊಟ್ಟೆ ಹುಡುಕುವ ಕೈ, ಹುಳಗಳಿಗೆ ಹೊತ್ತು ಹೊತ್ತಿಗೆ ಹೊಸ ಎಲೆ, ಹಿಕ್ಕೆ ಗುಡಿಸುವುದು, ರೋಗ ಬಂದ ಹುಳ ಬೇರೆ ಮಾಡುವುದು. ಇದು ದನದ ಕೊಟ್ಟಿಗೆಗಿಂತ ಕಡಿಮೆ ಕೆಲಸವೇನಲ್ಲ. ಪಾತರಗಿತ್ತಿ ಹಾರುವುದನ್ನು ಒಂದು ಗಳಿಗೆ ನೋಡಿ ಬಂದ ನಮಗೆ ಆ ಕೆಲಸದವರ ಮುಖವೇ ಕಂಡಿರುವುದಿಲ್ಲ.

ಇಲ್ಲಿ ಕಬ್ಬು ಬೆಳೆಯುವವರು ಬಹಳ ಮಂದಿ ಇದ್ದೀರಿ, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸುಳಿ ಕೊರೆಯುವ ಹುಳದ ಕಾಟಕ್ಕೆ ನೀವು ಟ್ರೈಕೋಕಾರ್ಡ್ ಕಟ್ಟುತ್ತೀರಿ. ಆ ಚೀಟಿಯ ಮೇಲಿನ ಮೊಟ್ಟೆಗಳಿಂದ ಟ್ರೈಕೋಗ್ರಾಮಾ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾದ ಕಣಜಗಳು ಹೊರಬರುತ್ತವೆ. ಕೊರಕ ಹುಳದ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಟ್ಟು ಅದರ ವಂಶ ನಿಲ್ಲಿಸುತ್ತವೆ. ಕಬ್ಬಿನ ಗದ್ದೆಯಲ್ಲಿ ಅವು ರೈತನ ಗೆಳೆಯರು. ಅದೇ ಜಾತಿಯ ಕಣಜ ಪಾತರಗಿತ್ತಿಯ ಮನೆಗೆ ನುಸುಳಿದರೆ ಲಿಂಬೆಯ ಎಲೆಯ ಮೇಲಿನ ಮೊಟ್ಟೆಗಳಿಗೂ ಅದೇ ಗತಿ. ಅಲ್ಲಿ ಅದು ಹಗೆ. ಕಣಜದ ಗುಣ ಎರಡೂ ಕಡೆ ಒಂದೇ. ಬೇಲಿಯ ಒಳಗೆ ನಾವು ಯಾವುದನ್ನು ಬೆಳೆಯೆಂದು ಕರೆದಿದ್ದೇವೆ ಎಂಬುದು ಮಾತ್ರ ಬೇರೆ.

ಬನ್ನೇರುಘಟ್ಟದ ಮನೆಗೆ ಒಂದು ಮಿತಿಯೂ ಇದೆ. ಅದಕ್ಕೆ ಮಾಡು ಇದೆ, ಬಾಗಿಲು ಇದೆ. ಆದರೂ ಎಲೆ ಹೊರಗಿನಿಂದ ಬರುತ್ತದೆ, ನೀರು ಹೊರಗಿನಿಂದ ಬರುತ್ತದೆ, ಕಸ ಹೊರಗೆ ಹೋಗುತ್ತದೆ, ಗಾಳಿ ಓಡಾಡುತ್ತದೆ. ಏನಾದರೂ ಕಡಿಮೆ ಬಿದ್ದರೆ ತಂದುಕೊಳ್ಳಬಹುದು. ಏನೂ ತರಬಾರದು, ಏನೂ ಹೊರಗೆ ಹಾಕಬಾರದು, ಗಾಳಿಯೂ ಕೂಡ ಒಳಗಿನದೇ ಆಗಿರಬೇಕು ಎಂದು ಹಟ ಹಿಡಿದರೆ? ಹಾಗೆ ಹಟ ಹಿಡಿದವರೂ ಇದ್ದರು. ಈಗ ಅವರ ಕಡೆಗೆ ತಿರುಗೋಣ.

ಅರಿಜೋನಾದ ಟೂಸಾನ್ ನಗರದ ಉತ್ತರಕ್ಕೆ ಒರಾಕಲ್ ಎಂಬ ಸಣ್ಣ ಊರು. ಅದರ ಹತ್ತಿರ 1987ರಿಂದ 1991ರ ನಡುವೆ ಒಂದು ಖಾಸಗಿ ಕಂಪನಿ ಉಕ್ಕು ಗಾಜಿನ ಒಂದು ದೊಡ್ಡ ಮನೆ ಕಟ್ಟಿತು. ಕಲ್ಪನೆ ಜಾನ್ ಅಲೆನ್ ಎಂಬುವರದು. ಹಣ ಟೆಕ್ಸಸ್ಸಿನ ಸಿರಿವಂತ ಎಡ್ ಬಾಸ್ ಅವರದು. ಹೆಸರು ಬಯೋಸ್ಫಿಯರ್ 2. ಒಂದನೆಯದು ಯಾವುದೆಂದರೆ ನಾವು ನಿಂತಿರುವ ಈ ಭೂಮಿ. ಮನೆಯ ವಿಸ್ತಾರ 3.14 ಎಕರೆ, ನಿಮ್ಮಲ್ಲಿ ಎಷ್ಟೋ ಮಂದಿಯ ಹೊಲದಷ್ಟು. ಅಷ್ಟರೊಳಗೆ ಮಳೆಕಾಡು, ಹವಳವಿರುವ ಪುಟ್ಟ ಸಮುದ್ರ, ಕಾಂಡ್ಲಾ ಕಾಡು, ಹುಲ್ಲುಗಾವಲು, ಮರುಭೂಮಿ, ಅರ್ಧ ಎಕರೆಯ ಹೊಲ, ಮನುಷ್ಯರ ವಸತಿ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಗಾಜು ಒಡೆಯಬಾರದೆಂದು ಎರಡು ದೊಡ್ಡ ಕೋಣೆಗಳು. ಅವುಗಳಲ್ಲಿ ರಬ್ಬರಿನ ಹಾಳೆ ಹಗಲಿಗೆ ಏರಿ ಇರುಳಿಗೆ ಇಳಿಯುತ್ತಿತ್ತು. ಅವನ್ನು ಅಲ್ಲಿಯವರು ಶ್ವಾಸಕೋಶ ಎಂದೇ ಕರೆಯುತ್ತಾರೆ.

1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಬಂದದ್ದು 1993ರ ಅದೇ ತಾರೀಖಿಗೆ. ಉಂಡದ್ದರಲ್ಲಿ ಹೆಚ್ಚಿನ ಪಾಲು ತಾವೇ ಬೆಳೆದದ್ದು: ಬಾಳೆ, ಪಪ್ಪಾಯ, ಗೆಣಸು, ಬೀಟ್‌ರೂಟ್, ಶೇಂಗಾ, ಭತ್ತ, ಗೋಧಿ. ಕಾಳಿನಲ್ಲಿ ಮುಖ್ಯವಾದದ್ದು ಯಾವುದು ಗೊತ್ತೆ? ನಮ್ಮ ಅವರೆ. ಸಾಕಿದ್ದು ಕುಳ್ಳ ಆಡು, ಕೋಳಿ, ಹಂದಿ, ಭತ್ತದ ನೀರಿನಲ್ಲಿ ಮೀನು. ಹಸಿವು ಮಾತ್ರ ಅವರನ್ನು ಬಿಡಲಿಲ್ಲ. ಎಲ್ಲರೂ ಸೊರಗಿದರು.

ಹಸಿವಿಗಿಂತ ದೊಡ್ಡ ಕಷ್ಟ ಉಸಿರಿನದಾಯಿತು. ಅದನ್ನು ಹೇಳುವ ಮುಂಚೆ ಈ ಸೀಮೆಯ ಹಿರಿಯರಿಗೆ ಒಂದು ನೆನಪು ಮಾಡಿಕೊಡಬೇಕು. ಹಗೇವು ಗೊತ್ತಿದೆಯಲ್ಲ! ಗಟ್ಟಿ ನೆಲದಲ್ಲಿ ತೋಡಿ, ಒಳಗೆ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಹಗೇವು. ಅದನ್ನು ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಕಾಳು ಉಸಿರಾಡುತ್ತದೆ, ಅದರೊಳಗಿನ ಹುಳುವೂ ಉಸಿರಾಡುತ್ತದೆ. ಇದ್ದ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂರುತ್ತದೆ. ಅದರಿಂದಲೇ ಹುಳು ಸತ್ತು ಜೋಳ ಉಳಿಯುತ್ತಿತ್ತು. ಅವಸರ ಮಾಡಿದ ಮನುಷ್ಯನೂ ಸಾಯುತ್ತಿದ್ದ.

ಅರಿಜೋನಾದಲ್ಲಿ ಆದದ್ದು ಇದೇ. ಗಿಡಗಳಿಗೆ ವರ್ಷಗಟ್ಟಲೆ ಸಾರ ಸಾಲಲಿ ಎಂದು ಸಾವಯವ ಗೊಬ್ಬರ ತುಂಬಿದ ಫಲವತ್ತಾದ ಮಣ್ಣನ್ನು ಒಳಗೆ ಸುರಿದಿದ್ದರು. ಅದರ ಸೂಕ್ಷ್ಮಜೀವಿಗಳು ಉಸಿರಾಡಿದ ವೇಗಕ್ಕೆ ಎಳೆಯ ಗಿಡಗಳು ಆಮ್ಲಜನಕ ಕೊಡಲಾರದೆ ಹೋದವು. ಗಾಳಿಯಲ್ಲಿ ನೂರಕ್ಕೆ 20.9ರಷ್ಟಿದ್ದ ಆಮ್ಲಜನಕ ಹದಿನಾರು ತಿಂಗಳಲ್ಲಿ 14ರ ಹತ್ತಿರಕ್ಕೆ ಇಳಿಯಿತು. ಅದು ನಾಲ್ಕು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿ. ಮೆಟ್ಟಿಲು ಹತ್ತಿದರೆ ಏದುಸಿರು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ಬಿಡಬೇಕಾಯಿತು.

ಇಲ್ಲೊಂದು ಒಗಟು ಉಳಿಯಿತು. ಆಮ್ಲಜನಕ ಅಷ್ಟು ಖರ್ಚಾದರೆ ಅದೇ ಪ್ರಮಾಣದಲ್ಲಿ ಇಂಗಾಲದ ಡೈಆಕ್ಸೈಡ್ ಏರಬೇಕಲ್ಲ? ಅಷ್ಟು ಏರಿರಲಿಲ್ಲ. ಜಮೆ ಖರ್ಚು ತಾಳೆ ಬೀಳಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆಫ್ ಸೆವೆರಿಂಗ್‌ಹಾಸ್, ವ್ಯಾಲೆಸ್ ಬ್ರೋಕರ್ ಮತ್ತು ಸಂಗಡಿಗರು ಹುಡುಕಿ ತೆಗೆದ ಉತ್ತರವನ್ನು ಇಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರು ಬೇಗ ಹಿಡಿಯುತ್ತೀರಿ: ಕಾಂಕ್ರೀಟು. ಒಳಗಿನ ಕಾಂಕ್ರೀಟು ಆ ಅನಿಲವನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿಕೊಂಡಿತ್ತು. ಗೋಡೆ ಎಂದರೆ ಗಡಿ, ಅದು ಸುಮ್ಮನಿರುತ್ತದೆ ಎಂದುಕೊಂಡಿದ್ದರು. ಗೋಡೆಯೂ ಒಳಗಿನವರ ಗಾಳಿಯಲ್ಲಿ ಪಾಲು ತೆಗೆದುಕೊಂಡಿತ್ತು. ಬಯಲಿನಲ್ಲಾದರೆ ಗಾಳಿಯ ಲೆಕ್ಕದಲ್ಲಿ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಬಾಗಿಲು ಹಾಕಿದ್ದರಿಂದಲೇ ಗೊತ್ತಾಯಿತು.

ಉಳಿದ ಜೀವಿಗಳದು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಪರಾಗ ಒಯ್ಯುವ ಕೀಟಗಳು ಹೆಚ್ಚುಕಡಿಮೆ ಎಲ್ಲ ಸತ್ತವು. ಬೆನ್ನೆಲುಬಿರುವ ಪ್ರಾಣಿಗಳ 25 ಜಾತಿಗಳಲ್ಲಿ 19 ಅಳಿದವು. ಗೆದ್ದದ್ದು ಯಾರೂ ಕರೆಯದೆ ಬಂದ ಒಂದು ಜಾತಿಯ ಹುಚ್ಚಿರುವೆ, ಅದರ ಜೊತೆಗೆ ಜಿರಲೆ.

ಇಷ್ಟು ಹೇಳಿ ಟಿಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಆ ಎಂಟು ಜನ ಒಳಗಿದ್ದಾಗ ಹೊರಗೆ ಪ್ರವಾಸಿಗರು ದುಡ್ಡು ಕೊಟ್ಟು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ನೋಡಿದ್ದು ಮಣ್ಣನ್ನಲ್ಲ, ಮನುಷ್ಯರನ್ನು. ಅವರು ತೆಳ್ಳಗಾದರೆ, ಜಗಳಾಡಿಕೊಂಡರೆ? ಪತ್ರಿಕೆಗಳಿಗೂ ಅದೇ ಬೇಕಿತ್ತು. ನಡೆಸುವವರಿಗೆ ಆಟ ಕೆಡಬಾರದೆಂಬ ಅಂಜಿಕೆ ಹುಟ್ಟಿತು. ಭತ್ತ ಬಡಿಯುವ ಯಂತ್ರಕ್ಕೆ ಬೆರಳು ಸಿಕ್ಕ ಸದಸ್ಯೆಯೊಬ್ಬರು ಶಸ್ತ್ರಚಿಕಿತ್ಸೆಗೆ ಹೊರಗೆ ಹೋಗಿ ಮರಳಿದಾಗ ಅವರ ಜೊತೆ ಒಂದು ಚೀಲವೂ ಒಳಗೆ ಹೋಯಿತು. ಇಂಗಾಲದ ಡೈಆಕ್ಸೈಡ್ ಹೀರುವ ಯಂತ್ರವೊಂದು ಒಳಗಿದೆ ಎಂದು ಮೊದಲೇ ಸಾರಿರಲಿಲ್ಲ. ಇವು ಹೊರಬಿದ್ದ ಮೇಲೆ ಜನ ಇಡೀ ಪ್ರಯೋಗವನ್ನೇ ಮೋಸ ಎಂದರು. ಆಮ್ಲಜನಕ ಇಳಿದದ್ದರಿಂದ ಆ ಮನೆಯ ಮಾನ ಹೋಯಿತೆಂದು ನಾನು ನಂಬುವುದಿಲ್ಲ. ಇಳಿದದ್ದು ಅವರ ಅತ್ಯುತ್ತಮ ಫಲಿತಾಂಶವಾಗಿತ್ತು. ಮಾನ ಹೋದದ್ದು ಖಾತೆ ಪುಸ್ತಕವನ್ನು ಪೂರ್ತಿ ತೆರೆದು ತೋರಿಸದೆ ಹೋದದ್ದರಿಂದ.

ಹಾಗೆಂದು ಪ್ರವಾಸಿಯನ್ನು ಬೈಯುವುದು ನ್ಯಾಯವಲ್ಲ. ಮುಂದಿನ ಕಥೆ ನೋಡಿ: 1994ರಲ್ಲಿ ಎರಡನೆಯ ತಂಡ ಒಳಹೋಗಿ, ಆಡಳಿತದ ಜಗಳದ ನಡುವೆ ಆರು ತಿಂಗಳಿಗೇ ಹೊರಬಂತು. 1996ರಿಂದ 2003ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯ ನಡೆಸಿ ಕೈಬಿಟ್ಟಿತು. 2007ರಲ್ಲಿ ಜಾಗ ಭೂ ವ್ಯವಹಾರದ ಕಂಪನಿಯೊಂದಕ್ಕೆ ಮಾರಾಟವಾಯಿತು. ಗಾಜು ಒಡೆದು ಸೈಟು ಮಾಡುವ ಕಾಲ ಬಂದಿತ್ತು ಎನ್ನಬೇಕು. ಆ ವರ್ಷವೇ ಅರಿಜೋನಾ ವಿಶ್ವವಿದ್ಯಾಲಯ ಅದನ್ನು ನಡೆಸಲು ವಹಿಸಿಕೊಂಡಿತು. 2011ರಲ್ಲಿ ಅದು ಅವರದೇ ಆಯಿತು. ಈ ಎಲ್ಲ ಕೈಬದಲುಗಳ ನಡುವೆ ಜನಕ್ಕೆ ಆ ಮನೆಯ ಮೇಲಿದ್ದ ಕುತೂಹಲ ಬತ್ತಲಿಲ್ಲ. ನೋಡುವವರೇ ಇಲ್ಲದ ಮನೆಯಾಗಿದ್ದರೆ ಅದನ್ನು ಉಳಿಸಿಕೊಳ್ಳಿ ಎಂದು ಕೇಳುವವರೂ ಇರುತ್ತಿರಲಿಲ್ಲ.

ಈಗ ಆ ಮನೆಯೊಳಗೆ ಯಾರೂ ಬಾಗಿಲು ಹಾಕಿಕೊಂಡು ಇರುವುದಿಲ್ಲ. ಪ್ರವಾಸಿಗರು ಒಳಗೇ ನಡೆದು ಶ್ವಾಸಕೋಶದ ಕೋಣೆಯನ್ನೂ ನೋಡಿ ಬರುತ್ತಾರೆ. ಮನೆಯ ಎರಡನೆಯ ಜೀವನ ಮೊದಲನೆಯದಕ್ಕಿಂತ ಮೌನವಾದದ್ದು, ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು. ಇಂಗಾಲದ ಡೈಆಕ್ಸೈಡ್ ಕರಗಿ ಕಡಲ ನೀರಿನ ಆಮ್ಲೀಯತೆ ಹೆಚ್ಚಿದರೆ ಹವಳ ಕಟ್ಟುವ ವೇಗ ಇಳಿಯುತ್ತದೆ ಎಂಬುದನ್ನು ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು ಆ ಪುಟ್ಟ ಸಮುದ್ರದಲ್ಲೇ ತೋರಿಸಿ 2000ದಲ್ಲಿ ಪ್ರಕಟಿಸಿದರು. 2019ರಲ್ಲಿ ಮಳೆಕಾಡಿಗೆ ಬೇಕೆಂದೇ ನೀರು ನಿಲ್ಲಿಸಿ, ಬರಗಾಲದಲ್ಲಿ ಯಾವ ಮರ ನೀರನ್ನು ಹೇಗೆ ಹಿಡಿದಿಡುತ್ತದೆ ಎಂದು ಅಳೆದರು. ಹೊರಗಿನ ಕಾಡಿಗೆ ಬರಗಾಲ ತರಿಸುವುದು ಸುಲಭವೆ? ಗಾಜಿನೊಳಗಾದರೆ ಮಳೆ ನಿಲ್ಲಿಸುವುದು ಒಂದು ನಲ್ಲಿಯ ಕೆಲಸ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಿಂದೆ ಹೊಲವಿದ್ದ ಕಡೆ ಮಾಡಿರುವ ಮೂರು ಇಳಿಜಾರುಗಳು. ಒಂದೊಂದೂ 30 ಮೀಟರ್ ಉದ್ದ, 11 ಮೀಟರ್ ಅಗಲ, ಒಂದು ಮೀಟರ್ ಆಳ. ಅವುಗಳಲ್ಲಿ ತುಂಬಿರುವುದು ಪುಡಿ ಮಾಡಿದ ಬಸಾಲ್ಟ್ ಕಲ್ಲು. ಮಳೆ ಸುರಿಸಿ, ಬರಿಯ ಕಲ್ಲುಪುಡಿ ಹೇಗೆ ಮಣ್ಣಾಗುತ್ತದೆ, ನೀರು ಎಲ್ಲಿ ಇಂಗುತ್ತದೆ, ಲವಣ ಎಲ್ಲಿ ಕೂರುತ್ತದೆ ಎಂಬುದನ್ನು ಸಾವಿರಕ್ಕೂ ಮೀರಿದ ಸಂವೇದಕಗಳಿಂದ ಬರೆದಿಡುತ್ತಾರೆ. ಪ್ರವಾಸಿಯ ಕಣ್ಣಿಗೆ ಅದೊಂದು ಕರಿಯ ದಿಬ್ಬ. ಆದರೆ ನೋಡಿ, ದಖ್ಖನ್ನಿನ ಎರೆಮಣ್ಣು ಹುಟ್ಟಿದ್ದು ಬಸಾಲ್ಟ್ ಸವೆದೇ. ನಮ್ಮ ಹೊಲದ ಜಾತಕವನ್ನು ಏಳು ಸಮುದ್ರದಾಚೆ ಗಾಜಿನ ಕೆಳಗೆ ಬರೆಯುತ್ತಿದ್ದಾರೆ!

ಇಲ್ಲಿಂದ ಘಟಪ್ರಭೆಗೆ ಬರುವುದು ಕಷ್ಟವಲ್ಲ. ನಮ್ಮ ಬಯಲಿಗೆ ಗಾಜಿಲ್ಲ. ಆದರೆ ಹಿಡಕಲ್ ಅಣೆಕಟ್ಟೆಯಿಂದ ಕಾಲುವೆಗೆ ಬಿಟ್ಟ ನೀರು ಎರೆಹೊಲದಲ್ಲಿ ನಿಂತರೆ ಅದು ಬೇಗ ಬಸಿದು ಹೋಗುವುದಿಲ್ಲ. ಅಂತರ್ಜಲ ಮೇಲಕ್ಕೆ ಬರುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಆ ಬಿಳಿ ಹೊದಿಕೆಯನ್ನು ಸವಳು ಎನ್ನುತ್ತೀರಿ, ನೀರು ನಿಂತ ನೆಲವನ್ನು ಜವಳು ಎನ್ನುತ್ತೀರಿ. ಇದು ಶಾಪವಲ್ಲ, ಲೆಕ್ಕ. ಬಂದ ನೀರಿಗೆ ಹೋಗುವ ದಾರಿ ಬೇಕು, ಅದಕ್ಕೇ ಬಸಿಗಾಲುವೆ. ಬಂದ ಉಪ್ಪಿಗೂ ಅದೇ ದಾರಿ. ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡುವಾಗಲೂ ಒಂದು ಲೆಕ್ಕವಿದೆ. ಆ ಗಾಜಿನ ಮನೆಯಲ್ಲಿ ಮಣ್ಣಿನ ಇಂಗಾಲ ಅತಿಯಾಗಿ ಉಸಿರು ಕಟ್ಟಿತು. ನಮ್ಮಲ್ಲಿ ಮಣ್ಣಿಗೆ ಸೇರಬೇಕಾದ ಇಂಗಾಲವನ್ನು ವರ್ಷ ವರ್ಷ ಹೊಗೆ ಮಾಡಿ ಕಳಿಸುತ್ತೇವೆ.

ಮನುಷ್ಯ ನೆಲದ ಲೆಕ್ಕದಲ್ಲಿ ಕೈಯಿಟ್ಟಾಗ ಕೆಡುಕೇ ಆಗಬೇಕೆಂದಿಲ್ಲ. ಗೋಕಾಕದ ಹತ್ತಿರ ಧುಪದಾಳದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಒಡ್ಡು ಕಟ್ಟಿದ್ದು ಕಾಲುವೆಗೆ ನೀರು ತಿರುಗಿಸಲು, ಹಕ್ಕಿಗಳಿಗಲ್ಲ. ಹಿನ್ನೀರು ಹರಡಿತು, ತೆಳುನೀರಿನ ನಡುಗಡ್ಡೆಗಳಾದವು, ಕೊಕ್ಕರೆಗಳು ಬಂದವು, ಚಳಿಗಾಲಕ್ಕೆ ಡೆಮೊಸೆಲ್ ಕ್ರೇನ್‌ಗಳೂ ಬಂದವು. 1974ರಲ್ಲಿ 29.78 ಚದರ ಕಿಲೋಮೀಟರ್ ಪ್ರದೇಶ ಘಟಪ್ರಭಾ ಪಕ್ಷಿಧಾಮವಾಯಿತು. ಯಾರೂ ಯೋಜನೆ ಹಾಕದೆ ಆದ ಈ ಪ್ರಯೋಗಾಲಯ ಗೋಕಾಕ ಜಲಪಾತದಿಂದ ದೂರವೇನಿಲ್ಲ. ಜಲಪಾತ ನೋಡಿ, ತೂಗುಸೇತುವೆಯ ಹತ್ತಿರ ಫೋಟೋ ತೆಗೆಸಿಕೊಂಡು, ಕರದಂಟು ಕೊಂಡು ಮರಳುವವರಲ್ಲಿ ಅಲ್ಲಿಗೆ ಹೋಗುವವರು ಕಡಿಮೆ. ಕರದಂಟು ಕೊಳ್ಳಬೇಡಿ ಎಂದೇನೂ ನಾನು ಹೇಳುವುದಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ, ಅವರ ಗುರುಗಳಲ್ಲಿ ಒಂದು ಬೇಡಿಕೆ. ನಿಡಸೋಸಿಯಲ್ಲಿ ಗಾಜಿನ ಮನೆ ಕಟ್ಟುವುದು ಬೇಡ, ಅಷ್ಟು ಹಣವೂ ಬೇಡ. ಕಾಲೇಜಿನ ಆವರಣದಲ್ಲಿ ಎರಡು ಗುಂಟೆ ಜಾಗಕ್ಕೆ ಬೇಲಿ ಹಾಕಿ. ಒಳಗೆ ಔಡಲ, ಎಕ್ಕೆ, ಕರಿಬೇವು, ಕಣಗಿಲ ಹಚ್ಚಿ. ಔಷಧ ಹೊಡೆಯಬೇಡಿ. ಹತ್ತಿರದ ಒಂದು ಬಾವಿಯ ನೀರಿನ ಮಟ್ಟ, ಒಂದು ಕಬ್ಬಿನ ಹೊಲದ ಮಣ್ಣಿನ ಉಪ್ಪಿನಂಶ, ಆ ಎರಡು ಗುಂಟೆಯಲ್ಲಿ ಕಂಡ ಹುಳು ಮತ್ತು ಪಾತರಗಿತ್ತಿಗಳ ಹೆಸರು, ಇವನ್ನು ತಿಂಗಳಿಗೊಮ್ಮೆ ಅಳೆದು ದೊಡ್ಡ ಅಕ್ಷರದಲ್ಲಿ ಬರೆದು ಗೇಟಿನ ಹೊರಗೆ ಹಾಕಿ, ಇಲ್ಲಿನ ಮಠಕ್ಕೆ ಬರುವವರೂ ಸಂತೆಗೆ ಹೋಗುವವರೂ ನಿಂತು ಓದುವ ಹಾಗೆ. ಅಂಕಿ ಕೆಟ್ಟದಾಗಿ ಬಂದ ತಿಂಗಳೂ ಹಾಕಿ, ಆ ತಿಂಗಳಂತೂ ತಪ್ಪದೆ ಹಾಕಿ. ನೀವು ಪಾಸಾಗಿ ಹೋಗುವಾಗ ಈ ಅಂಕಿಗಳ ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗೆ ಕೊಡಿ. ಮುಂದಿನ ವರ್ಷ ಈ ದತ್ತಿಯ ಉಪನ್ಯಾಸಕ್ಕೆ ಬರುವವರಿಗೆ ನಿಮ್ಮ ಹನ್ನೆರಡು ತಿಂಗಳ ಪಟ್ಟಿಯನ್ನು ತೋರಿಸಿ, ಅದರ ಮೇಲೆಯೇ ಅವರು ಮಾತಾಡಲಿ.